ಹತ್ತನೆಯ ಉಂಗುರ

ದೇವರಾಣೆಗೂ ಇದು ನಡೆದದ್ದು. ನನ್ನ ಬಾಯಿಂದ ಬಂದ ಬೇರೆ ಕಥೆಗಳಿಗೆ ನಾನು ಜವಾಬ್ದಾರನಲ್ಲ. ನನ್ನ ಕತ್ತೆ ಖಾಜಿಗೆ ತೀರ್ಪು ಹೇಳಿಕೊಟ್ಟದ್ದು ಸುಳ್ಳು. ಮೀನಿಗೆ ಗಾಳ ಹಾಕಿ ಕರಡಿ ಹಿಡಿದ ಕಥೆಯಲ್ಲಿ ಕರಡಿಯೊಂದೇ ನಿಜ. ಆದರೆ ಇದು ಹಾಗಲ್ಲ. ಇದರಲ್ಲಿ ಒಂದು ಮಾತು ಸುಳ್ಳೆಂದು ತೋರಿಸಿದವರಿಗೆ ನನ್ನ ಎರಡೂ ಕತ್ತೆ ಕೊಡುತ್ತೇನೆ. ಸುಳ್ಳಾಗಿದ್ದರೆ ಸಂತೋಷದಿಂದಲೇ ಕೊಡುತ್ತಿದ್ದೆ.

ಹಗ್ಗ ಹೊರಗೆ ಬಂತು. ಹೋಲ್ಮತ್ ಬರಲಿಲ್ಲ.

ನಾನು ಅಲ್ಲೇ ಇದ್ದೆ. ಉರಿಗುಡ್ಡದ ಮೇಲೆ, ಹೊಗೆಮನೆಯ ಬಾಗಿಲಿಂದ ಹತ್ತು ಹೆಜ್ಜೆ ದೂರ. ನವಸಾಗರ ಹೇರಿಕೊಳ್ಳಲು ಕತ್ತೆ ಹಿಡಿದು ಕಾಯುತ್ತಿದ್ದೆ. ಆ ಗುಡ್ಡದ ಹೊಟ್ಟೆಯಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇರುತ್ತದೆ. ನನ್ನ ಅಜ್ಜನ ಅಜ್ಜನ ಕಾಲದಲ್ಲೂ ಉರಿಯುತ್ತಿತ್ತು. ಬಿರುಕುಗಳಿಂದ ಹೊಗೆ ಏಳುತ್ತದೆ. ನಮ್ಮವರು ಬಿರುಕಿನ ಮೇಲೆ ಕಲ್ಲಿನ ಗೂಡು ಕಟ್ಟಿ, ಬಾಗಿಲಿಗೆ ಹಸಿಮಣ್ಣು ಮೆತ್ತಿ ಹದಿನೈದು ದಿನ ಬಿಡುತ್ತಾರೆ. ಹೊಗೆ ಗೋಡೆಗೆ ತಾಗಿ, ತಣ್ಣಗಾಗಿ, ಬಿಳಿ ಹಕ್ಕಳೆಯಾಗಿ ಕೂರುತ್ತದೆ. ಅದೇ ನವಸಾಗರ. ಹೊಗೆಯಿಂದ ನೇರವಾಗಿ ಕಲ್ಲಾಗುವ ಉಪ್ಪು. ಬೆಂಕಿಗೆ ಹಿಡಿದರೆ ಕಲ್ಲಿನಿಂದ ನೇರವಾಗಿ ಹೊಗೆ.

ಕೆರೆಯುವವನು ನೆನೆಸಿದ ಕಂಬಳಿಯಂಗಿ ತೊಟ್ಟು, ಉಸಿರು ಕಟ್ಟಿ ಒಳಗೆ ನುಗ್ಗಬೇಕು. ಒಳಗೆ ಕಣ್ಣು ಕಾಣುವುದಿಲ್ಲ, ಬಾಗಿಲು ಎಲ್ಲಿ ಎಂದು ತಿಳಿಯುವುದಿಲ್ಲ. ಸೊಂಟಪಟ್ಟಿಯಲ್ಲೊಂದು ಕಲಾಯಿ ಹಾಕಿದ ತಾಮ್ರದ ಉಂಗುರ, ಉಂಗುರಕ್ಕೊಂದು ಹಗ್ಗ. ಆ ಹಗ್ಗವೇ ದಾರಿ. ಹೊರಗೆ ಹಗ್ಗ ಹಿಡಿದವನೂ ಅವನ ಜೊತೆಗೇ ಉಸಿರು ಕಟ್ಟಬೇಕು. ತನ್ನ ಉಸಿರು ತೀರಿದ ಕ್ಷಣ ಎಳೆಯಬೇಕು. ಇದು ಅಪ್ಪಂದಿರ ಕಾಲದ ನೇಮ. ಒಳಗಿನವನ ಸಂಕಟ ಹೊರಗಿನವನ ಎದೆಗೂ ತಿಳಿಯಲಿ ಎಂದು ಮಾಡಿದ್ದು.

ಅಂದು ಹಗ್ಗ ಹಿಡಿದವನು ಹೋಲ್ಮತ್‌ನ ತಮ್ಮ ನಿಯೋಜ್. ಅವನ ಮುಖ ಕೆಂಪಾಯಿತು. ಬಾಯಿ ತೆರೆದ. ಎಳೆದ. ಖಾಲಿ ಕೊಡ ಬಾವಿಯಿಂದ ಬಂದಂತೆ ಹಗ್ಗ ಹಗುರಾಗಿ ಬಂದುಬಿಟ್ಟಿತು. ತುದಿಯ ಗಂಟು ಗಂಟಾಗಿಯೇ ಇತ್ತು.

"ಅಕಾ! ಅಣ್ಣಾ!" ಎಂದು ಕಿರುಚಿ ನಿಯೋಜ್ ಬಾಗಿಲಿಗೆ ನುಗ್ಗಿದ. ಇಬ್ಬರು ಅವನನ್ನು ಹಿಡಿದುಕೊಂಡರು. ಮರದ ಕೊಕ್ಕೆ ಹಾಕಿ ಹೋಲ್ಮತ್‌ನನ್ನು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೈಯಲ್ಲಿ ಚೀಲ ಇತ್ತು. ಚೀಲ ತುಂಬಿತ್ತು.

ಊರಿನ ಯಜಮಾನಿಕೆ ನಡೆಸುವ ಅಮೀನ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ. ಹೆಣದ ಸೊಂಟಪಟ್ಟಿ ನೋಡಿದ. ಉಂಗುರ ಇರಲಿಲ್ಲ.

"ಉಂಗುರ ಎಲ್ಲೋ?"

"ಕಟ್ಟುವಾಗ ಇತ್ತು, ಅಮೀನ್ ಸಾಹೇಬ್ರೆ. ಮುರಿದು ಒಳಗೆ ಬಿದ್ದಿರ್ಬೇಕು."

"ತಾಮ್ರ ಮುರಿಯಲ್ಲ. ನಮ್ಮಪ್ಪನ ಕಾಲದಿಂದ ಒಂದೂ ಮುರಿದಿಲ್ಲ. ಉಂಗುರ ಬಿಚ್ಚಿ, ಹಗ್ಗ ಸುಮ್ನೆ ಪಟ್ಟಿಯೊಳಗೆ ಸಿಕ್ಕಿಸಿ ಕಳಿಸಿದೀಯ."

"ನಾನೇ ಕಟ್ಟಿದೀನಿ ಸಾಹೇಬ್ರೆ!"

"ನಾನೂ ಅದನ್ನೇ ಹೇಳ್ತಿರೋದು. ನೀನೇ ಕಟ್ಟಿದೀಯ."

* * *

ಅಣ್ಣ ಸತ್ತರೆ ಅತ್ತಿಗೆಯನ್ನು ತಮ್ಮ ಮದುವೆಯಾಗುವುದು ನಮ್ಮಲ್ಲಿ ವಾಡಿಕೆ. ಹೋಲ್ಮತ್‌ನ ಹೆಂಡತಿ ಮಾಹ್‌ತೋಬ್ ನೋಡಲು ಚೆನ್ನಾಗಿದ್ದಳು. ಊರಿಗೆ ಅಷ್ಟು ಸಾಕಾಯಿತು. ಹೆಣ ಮನೆಗೆ ಬರುವ ಮೊದಲೇ ಮಾತು ಮನೆಗೆ ಬಂತು.

ಮಾಹ್‌ತೋಬ್ ಬಾಗಿಲಿಗೆ ಬಂದು ನಿಂತಳು. "ನನಗೆ ಮದ್ವೆ ಗೊತ್ತು ಮಾಡೋ ಮುಂಚೆ ನನ್ನ ಗಂಡನ್ನ ಮಣ್ಣು ಮಾಡಿ" ಎಂದಳು.

ಮಣ್ಣು ಮಾಡಿದರು. ನಿಯೋಜ್‌ನನ್ನು ಅಮೀನನ ಲಾಯದಲ್ಲಿ ಕೂಡಿಹಾಕಿದರು. ನಾಳೆ ಮಧ್ಯಾಹ್ನ ನಮ್ಮ ಸೀಮೆಯ ಒಡೆಯ ಬೇಗ್‌ನ ಸವಾರರು ಬಂದು ಕೋಟೆಗೆ ಒಯ್ಯುತ್ತಾರೆ. ಆ ಕೋಟೆಯ ನೆಲಮಾಳಿಗೆಗೆ ಇಳಿದವರಲ್ಲಿ ಮೇಲೆ ಬಂದವರನ್ನು ನಾನಂತೂ ನೋಡಿಲ್ಲ.

ನಾನು ಹಿಪ್ಪುನೇರಳೆ ಮರದ ಕೆಳಗೆ ಹೋಗಿ ಕುಳಿತೆ. ಅಲ್ಲಿ ಉಸ್ತಾ ಸಂಗಿನ್ ತಿದಿ ಒತ್ತುತ್ತಿದ್ದ. ಕಲಾಯಿಗಾರ. ಜರದಾಳು ಒಣಗಿಸಿ ಮುಗಿದ ಮೇಲೆ, ವರ್ಷಕ್ಕೊಮ್ಮೆ ಊರಾತೆಪ್ಪ ಪಟ್ಟಣದಿಂದ ಬರುತ್ತಿದ್ದ. ಈ ಕಣಿವೆಗೆ ಬರುವ ಕಲಾಯಿಗಾರ ಅವನೊಬ್ಬನೇ. ಮನೆಮನೆ ತಿರುಗಿ ಪಾತ್ರೆ ಕೂಡಿಹಾಕಿ ಅವನ ಮುಂದೆ ಸುರಿಯುವುದು ನನ್ನ ಕೆಲಸ.

ಆಗ ಬೀಬಿ ತಿಲ್ಲೊ ಬಂದಳು. ಹೋಲ್ಮತ್, ನಿಯೋಜ್ ಇಬ್ಬರ ತಾಯಿ. ಶಾಲಿನೊಳಗಿಂದ ಆ ಸೊಂಟಪಟ್ಟಿ ತೆಗೆದು ಉಸ್ತಾನ ಮುಂದಿಟ್ಟಳು.

"ಉಸ್ತಾ, ನನಗಿದ್ದದ್ದು ಎರಡು ಮಕ್ಕಳು. ಒಬ್ಬನ್ನ ಈಗ ಮಣ್ಣಿಗೆ ಕೊಟ್ಟು ಬಂದೆ. ಇನ್ನೊಬ್ಬನ್ನ ನಾಳೆ ಒಯ್ತಾರೆ. ಅವನು ಮಾಡಿದಾನಾ ಇಲ್ವಾ, ನೋಡಿ ಹೇಳಿ."

"ನಾನು ಪಾತ್ರೆಗೆ ಕಲಾಯಿ ಹಾಕೋನು, ತಾಯಿ."

"ತೂತು ಎಲ್ಲಿದೆ ಅಂತ ಹುಡ್ಕೋರು ತಾನೆ ನೀವು? ಇದ್ರಲ್ಲೂ ಹುಡ್ಕಿ."

"ಅವನೇ ಮಾಡಿದ್ರೆ?"

"ಹೇಳ್ಬಿಡಿ. ಇಬ್ರಿಗೂ ಒಂದೇ ಸಲ ಅತ್ತು ಮುಗಿಸ್ತೀನಿ."

ಉಸ್ತಾ ತಿದಿ ಬಿಟ್ಟ. ಉಂಗುರ ಹಿಡಿದಿದ್ದ ಚರ್ಮದ ಮಡಿಕೆಯನ್ನು ಬೆರಳಿಂದ ಬಿಡಿಸಿದ. ಬಹಳ ಹೊತ್ತು ನೋಡಿದ.

"ಜೂರಾ," ಎಂದು ನನ್ನನ್ನು ಕರೆದ. "ಈ ಕಲೆ ಯಾವ ಬಣ್ಣ?"

"ಜರದಾಳು ಬಣ್ಣ, ಉಸ್ತಾ."

"ತಾಮ್ರನ ನವಸಾಗರ ತಿಂದ್ರೆ ಯಾವ ಬಣ್ಣ ಬರುತ್ತೆ?"

"ಹಸಿರು. ಅಷ್ಟು ನನಗೂ ಗೊತ್ತು."

ಉಸ್ತಾ ಕಲೆಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟ. ಉಗಿದ. ಮಡಿಕೆಯ ಮೂಲೆಯಿಂದ ಏನನ್ನೋ ಉಗುರಿನಲ್ಲಿ ಎತ್ತಿ ಬಿಸಿಲಿಗೆ ಹಿಡಿದ. ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳು. ಬೆಳ್ಳಗೆ ಹೊಳೆಯಿತು.

ಅವನ ಮುಖ ಮಾತ್ರ ಕಪ್ಪಾಯಿತು. ಯಾಕೆಂದು ನನಗೆ ತಿಳಿಯಲಿಲ್ಲ.

* * *

ಹೊತ್ತು ಇಳಿಯುತ್ತಿತ್ತು. ನಾವು ಅಮೀನನ ಲಾಯಕ್ಕೆ ಹೋದೆವು. ಉಸ್ತಾ ಪಟ್ಟಿಯ ಕಲೆ ತೋರಿಸಿದ.

"ಅದು ರಕ್ತ" ಎಂದ ಅಮೀನ. ಕಲೆಯನ್ನು ಚೆನ್ನಾಗಿ ಉಜ್ಜಿ ನೋಡಿದ. ಆಮೇಲೆ ಅದೇ ಬೆರಳಲ್ಲಿ ಡಬ್ಬಿಯಿಂದ ಹೊಗೆಸೊಪ್ಪಿನ ಪುಡಿ ತೆಗೆದ. ಆ ಪುಡಿಯಲ್ಲಿ ಸುಣ್ಣ ಇರುತ್ತದೆ. ಸುಣ್ಣಕ್ಕೆ ನವಸಾಗರ ತಾಗಿದರೆ ಏನಾಗುತ್ತದೆಂದು ಗೊತ್ತಲ್ಲ? ಹತ್ತು ಕುದುರೆಗಳ ಹಳೆಯ ಗಂಜಳ ಒಟ್ಟಿಗೇ ಮೂಗಿಗೆ ಹೊಡೆದಂತೆ. ಅಮೀನನ ಕಣ್ಣಲ್ಲಿ ನೀರು ಧಾರೆಯಾಗಿ ಹರಿಯಿತು.

"ನೋಡ್ರಪ್ಪಾ, ಅಮೀನರೂ ಅಳ್ತಿದಾರೆ" ಎಂದೆ ನಾನು. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಉಸ್ತಾ ಲಾಯದ ಬಾಗಿಲ ಸಂದಿಗೆ ಬಾಯಿಟ್ಟ. "ನಿಯೋಜ್, ಉಂಗುರ ಹೇಗಿತ್ತು?"

"ಹೊಳೀತಿತ್ತು ಉಸ್ತಾ. ಅಲ್ಲಲ್ಲಿ ಗುಳ್ಳೆ ಎದ್ದಿತ್ತು. ಕಲಾಯಿ ಹಳೇದಾಗಿದೆ ಅಂದ್ಕೊಂಡೆ."

"ಪಟ್ಟಿ ಯಾರು ಕೊಟ್ರು?"

"ಇನ್ಯಾರು? ಓದಿನಾ ಬಾಬಾ. ಒಂಬತ್ತು ಪಟ್ಟಿನೂ ಅವ್ರೇ ಹೊಲಿಯೋದು, ಅವ್ರೇ ಇಟ್ಕೊಳ್ಳೋದು."

"ನಿಮ್ಮಣ್ಣ ನಿನ್ನನ್ನೇ ಯಾಕೆ ಹಗ್ಗಕ್ಕೆ ಆರಿಸ್ಕೊಂಡ? ಗಟ್ಟಿ ಎದೆಯವರು ಊರಲ್ಲಿ ಬೇಕಾದಷ್ಟು ಜನ ಇದ್ರಲ್ಲ?"

"ನನ್ನ ಉಸಿರು ಗಿಡ್ಡ. ಅದಕ್ಕೇ" ಎಂದ.

"ಗಿಡ್ಡ ಅಂತ ಬೇಡ ಅಂದನಾ, ಬೇಕು ಅಂದನಾ?"

"ಬೇಕು ಅಂದ. ಮೂರು ವರ್ಷದಿಂದ ಬೇರೆ ಯಾರ ಕೈಗೂ ಹಗ್ಗ ಕೊಡ್ತಿರ್ಲಿಲ್ಲ."

ಮರದ ಕೆಳಗೆ ವಾಪಸ್ ಬಂದೆವು. ಉಸ್ತಾ ಕೆಂಡ ಕೆದಕಿದ. ನನ್ನನ್ನು ದಿಟ್ಟಿಸಿದ.

"ಹೋದ ವರ್ಷ ನೀನು ಎಷ್ಟು ಉಂಗುರ ತಂದಿದ್ದೆ?"

"ಒಂಬತ್ತು. ಪ್ರತಿ ವರ್ಷ ಒಂಬತ್ತೇ."

"ಹತ್ತು. ಒಂಬತ್ತು ತಾಮ್ರದ್ದು, ದಾರದಲ್ಲಿ ಪೋಣಿಸಿದ್ವು. ಇನ್ನೊಂದು ಬಿಡಿಯಾಗಿತ್ತು. ಅದು ಕಬ್ಬಿಣ. ಕಲಾಯಿ ಹಿಡಿಯೋಕೆ ಹಠ ಮಾಡ್ತು. ಮೂರು ಹಿಡಿ ನವಸಾಗರ ಸುಟ್ಟೆ. ನಿನ್ನ ಕತ್ತೆಯ ಜೀನಿಗೆ ಅಂದ್ಕೊಂಡೆ."

"ನನ್ನ ಕತ್ತೆಗೆ ಕಲಾಯಿ ಉಂಗುರ? ಉಸ್ತಾ, ನನ್ನ ಹೆಂಡ್ತಿಗೇ ಕಲಾಯಿ ಬಟ್ಟಲಿಲ್ಲ."

"ಹಾಗಾದ್ರೆ ಯಾರದ್ದು?"

ನನಗೆ ನೆನಪಾಯಿತು. ನಾನು ಎದ್ದು ಕತ್ತೆಗೆ ಹುಲ್ಲು ಹಾಕಲು ಹೋದೆ. ಕತ್ತೆಯ ಮುಂದೆ ಹುಲ್ಲು ಆಗಲೇ ಇತ್ತು.

* * *

ಮರುದಿನ ಬೆಳಿಗ್ಗೆ ಮಸೀದಿಯ ಅಂಗಳದಲ್ಲಿ ಊರು ಸೇರಿತು. ನಿಯೋಜ್‌ನ ಕೈ ಕಟ್ಟಿ ತಂದು ಕೂರಿಸಿದರು. ಬೀಬಿ ತಿಲ್ಲೊ ಗೋಡೆಯ ಪಕ್ಕ ನಿಂತಳು. ಓದಿನಾ ಬಾಬಾ ಕಂಬಕ್ಕೆ ಒರಗಿ ಕುಳಿತಿದ್ದ. ಒಂದು ಕಾಲದಲ್ಲಿ ಗುಡ್ಡದ ದೊಡ್ಡ ಕೆರೆತಗಾರ ಅವನೇ. ಮೂರು ವರ್ಷದ ಹಿಂದೆ ಅವನ ಒಬ್ಬನೇ ಮಗ ಸಯ್ಫಿ ಹೊಗೆಮನೆಯಲ್ಲಿ ಸತ್ತ. ಅಂದಿನಿಂದ ಮುದುಕ ಪಟ್ಟಿ ಹೊಲಿಯುವುದು ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ. ಸಯ್ಫಿಯ ಹಗ್ಗ ಅಂದು ಹೋಲ್ಮತ್‌ನ ಕೈಯಲ್ಲಿತ್ತು. ಎಲ್ಲರಿಗೂ ಗೊತ್ತಿದ್ದ ವಿಷಯ. ಯಾರೂ ಎತ್ತದ ವಿಷಯ.

ಉಸ್ತಾ ಅಂಗಳದ ಮಧ್ಯೆ ಕೆಂಡ ಹಾಕಿಸಿದ. ನನ್ನ ಕತ್ತೆಯ ಕಡಿವಾಣದಿಂದ ಒಂದು ಕಬ್ಬಿಣದ ಉಂಗುರ ಕಿತ್ತ. ಉಜ್ಜಿ, ಕಾಯಿಸಿ, ನವಸಾಗರದ ಪುಡಿ ಎರಚಿದ. ಬಿಳಿ ಹೊಗೆ ಎದ್ದಿತು. ಜನ ಕೆಮ್ಮಿದರು. ತವರ ತಾಗಿಸಿ ಹತ್ತಿಯಿಂದ ಒರೆಸಿದ. ಮತ್ತೆ ನವಸಾಗರ, ಮತ್ತೆ ತವರ. ಉಂಗುರ ಬೆಳ್ಳಿಯಾಯಿತು. ಕಲಾಯಿ ಹಾಕಿದ ತಾಮ್ರದ ಉಂಗುರವೊಂದರ ಜೊತೆ ಅದನ್ನು ಅಮೀನನ ಅಂಗೈಗೆ ಹಾಕಿದ.

"ತಾಮ್ರ ಯಾವುದು, ಹೇಳಿ."

ಅಮೀನ ತಿರುಗಿಸಿ ತಿರುಗಿಸಿ ನೋಡಿದ. "ಎರಡೂ ಒಂದೇ ಥರ ಇವೆ."

"ಹೋಲ್ಮತ್‌ಗೂ ಹಾಗೇ ಕಾಣಿಸ್ತು. ಈ ಉಪ್ಪು ಕೊಳೆ ತಿನ್ನುತ್ತೆ, ಅದಕ್ಕೇ ತವರ ಹಿಡಿಯುತ್ತೆ. ಆದ್ರೆ ತವರದಲ್ಲಿ ಒಂದು ಚೂರು ತೂತು ಬಿದ್ರೂ ಒಳಗಿನ ಕಬ್ಬಿಣನೂ ತಿನ್ನುತ್ತೆ. ಹೊಗೆಮನೆಗೆ ನೀವು ಕಬ್ಬಿಣ ಒಯ್ಯಲ್ಲ. ಕೆರೆಯೋ ಹಲಗೆನೂ ಮರದ್ದೇ. ಪಟ್ಟಿಯಲ್ಲಿರೋ ಕಲೆ ಜರದಾಳು ಬಣ್ಣ. ಅದು ಕಬ್ಬಿಣ ಕೊಳೆತ ಬಣ್ಣ. ಮಡಿಕೆಯಲ್ಲಿ ತವರದ ಸಿಪ್ಪೆ ಸಿಕ್ತು. ವರ್ಷಪೂರ್ತಿ ಸಿಪ್ಪೆಯೊಳಗೆ ಕಬ್ಬಿಣ ಪುಡಿಯಾಗ್ತಾ ಇತ್ತು. ವರ್ಷದ ಕೊನೇ ಕೆರೆತಕ್ಕೆ ಮುರೀತು. ನಿಯೋಜ್ ಸರಿಯಾಗಿಯೇ ಕಟ್ಟಿದ್ದ."

"ಕಬ್ಬಿಣಕ್ಕೆ ಕಲಾಯಿ ಹಾಕಿದ್ದು ಯಾರು?" ಅಮೀನ ಕೇಳಿದ.

"ನಾನು."

ಅಂಗಳ ಗುಜುಗುಜು ಎಂದಿತು. ಉಸ್ತಾ ಕೈಯೆತ್ತಿದ. "ಯಾವುದಕ್ಕೆ ಅಂತ ಕೇಳ್ಲಿಲ್ಲ. ಅದು ನನ್ನ ತಪ್ಪು. ತಂದು ಕೊಟ್ಟದ್ದು ಜೂರಾ. ಜೂರಾ, ಯಾರ ಮನೇದು?"

ಎಂಥ ಸುಳ್ಳಿಗೂ ತಡವರಿಸದ ನಾಲಿಗೆ ನನ್ನದು. ಅಂದು ಒಂದು ನಿಜಕ್ಕೆ ತಡವರಿಸಿತು. ಆ ಮನೆಯಲ್ಲಿ ನಾನು ಎಷ್ಟು ಚಳಿಗಾಲ ಬೆಣ್ಣೆ ಹಾಕಿದ ಉಪ್ಪು ಚಹಾ ಕುಡಿದಿದ್ದೇನೋ ಲೆಕ್ಕವಿಲ್ಲ. ಸಯ್ಫಿಯೂ ನಾನೂ ಒಂದೇ ಬಟ್ಟಲಲ್ಲಿ ರೊಟ್ಟಿ ಮುರಿದು ಹಾಕಿಕೊಂಡು ತಿಂದವರು. ನಿಯೋಜ್ ನನ್ನನ್ನು ನೋಡುತ್ತಿದ್ದ. ಅವನ ತಾಯಿ ನೋಡುತ್ತಿದ್ದಳು.

ಕಂಬದ ಕಡೆಯಿಂದ ದನಿ ಬಂತು. "ಹೇಳೋ ಜೂರಾ. ಹುಟ್ಟಿದ ಮೇಲೆ ಒಂದು ದಿನ ಆದ್ರೂ ನಿಜ ಹೇಳು."

"ಓದಿನಾ ಬಾಬಾನ ಚಹಾ ಪಾತ್ರೆಯೊಳಗೆ ಗಲಗಲ ಅಂತಿತ್ತು" ಎಂದೆ. "ಏನು ಬಾಬಾ ಇದು ಅಂದೆ. ಕತ್ತೆಯ ಜೀನಿಗೆ ಅಂದ್ರು."

"ಅವನ ಹತ್ರ ಕತ್ತೆ ಎಲ್ಲಿದೆ?" ಯಾರೋ ಕೇಳಿದರು.

"ಇಲ್ಲ" ಎಂದೆ. "ಅವರ ಸಾಮಾನು ಹೊರೋದೆಲ್ಲ ನನ್ನ ಕತ್ತೆಯೇ."

ಓದಿನಾ ಸೊಂಟದ ಬಟ್ಟೆ ಬಿಚ್ಚಿದ. ತಾಮ್ರದ ಉಂಗುರವೊಂದನ್ನು ತೆಗೆದು ನೆಲಕ್ಕಿಟ್ಟ. ಹೋಲ್ಮತ್‌ನ ಪಟ್ಟಿಯದು.

"ಹೌದು. ನಾನೇ. ನನ್ನ ಮಗ ಒಳಗಿದ್ದಾಗ ಅವನು ಕದ್ದು ಉಸಿರು ಎಳ್ಕೊಂಡ. ನಾನು ಎಣಿಸ್ತಾ ನಿಂತಿದ್ದೆ. ಎಲ್ರೂ ನಲವತ್ತು, ಐವತ್ತಕ್ಕೆ ಎಳೀತಾರೆ. ಅವನು ನೂರು ದಾಟಿದ ಮೇಲೆ ಎಳೆದ. ಕಳ್ಳ ಉಸಿರಿಲ್ದೆ ಅಷ್ಟು ಹೊತ್ತು ಯಾರು ತಡೀತಾರೆ? ನನ್ನ ಸಯ್ಫಿ ಹೇಗೆ ಕಾದನೋ ಅವನೂ ಹಾಗೇ ಕಾಯಲಿ ಅಂತ ಮಾಡಿದೆ."

"ಮತ್ತೆ ನನ್ನ ನಿಯೋಜ್?" ಬೀಬಿ ತಿಲ್ಲೊ ಕೇಳಿದಳು.

"ಅದು ಅವನ ಮೇಲೆ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಬಾಯಿ ಬಿಡೋಣ ಅಂತ ನಿನ್ನೆಯಿಂದ ಮೂರು ಸಲ ಎದ್ದೆ ಬೀಬಿ. ಮೂರು ಸಲನೂ ಕೂತೆ."

ಉಸ್ತಾ ಮುದುಕನ ಎದುರಿಗೆ ಮಂಡಿಯೂರಿ ಕುಳಿತ. ಮೆಲ್ಲಗೆ ಕೇಳಿದ. "ಬಾಬಾ, ಸಯ್ಫಿಯ ಹಗ್ಗ ಹೋಲ್ಮತ್ ಕೈಗೆ ಕೊಟ್ಟದ್ದು ಯಾರು?"

"ನಾನೇ. ಕಣಿವೆಗೆಲ್ಲ ದೊಡ್ಡ ಎದೆ ಅವನದ್ದು. ನನ್ನ ಮಗನಿಗೆ ಎಲ್ಲಕ್ಕಿಂತ ಒಳ್ಳೆಯವನೇ ಇರಲಿ ಅಂತ."

"ಎಷ್ಟು ದೊಡ್ಡದು?"

ಉತ್ತರ ಕೊಟ್ಟದ್ದು ಬೀಬಿ ತಿಲ್ಲೊ. "ಚಿಕ್ಕವನಿದ್ದಾಗ ಹೊಳೆಯಲ್ಲಿ ಮುಳುಗಿದ್ರೆ, ನಾನು ಒಂದು ರೊಟ್ಟಿ ತಟ್ಟಿ ಒಲೆಗೆ ಅಂಟಿಸಿ ಬರೋವರೆಗೂ ಮೇಲೆ ಬರ್ತಿರ್ಲಿಲ್ಲ. ಹೊಡೆದು ಬುದ್ಧಿ ಹೇಳಿದೀನಿ."

ನಿಯೋಜ್ ಕಟ್ಟಿದ ಕೈಯಲ್ಲೇ ಮುಂದೆ ಬಾಗಿದ. "ಬಾಬಾ, ನೀವು ಬಾಗಿಲು ನೋಡ್ತಿದ್ರಿ. ನಾನು ಅಕಾನ್ನ ನೋಡ್ತಿದ್ದೆ. ಅವನ ತುಟಿ ನೀಲಿಯಾಯ್ತು. ಹಗ್ಗ ಕೈಯಲ್ಲಿರುವಾಗ್ಲೇ ಕೆಳಗೆ ಬಿದ್ದ. ಎಳೆದದ್ದು ನಾನು. ಎಲ್ರ ಕಣ್ಣೂ ಬಾಗಿಲ ಮೇಲಿತ್ತು, ಯಾರೂ ನೋಡ್ಲಿಲ್ಲ. ಅವನು ಒಂದು ಉಸಿರೂ ಎಳೀಲಿಲ್ಲ. ಅದಕ್ಕೇ ಸಯ್ಫಿ ಸತ್ತ."

ಉಸ್ತಾ ತಲೆಯಾಡಿಸಿದ. "ನಿಮ್ಮ ನೇಮ ನಿಯತ್ತಿನವನ ಕೈಗೆ ಸಿಕ್ತು, ಬಾಬಾ. ಹೊರಗಿನವನ ಎದೆ ದೊಡ್ಡದಾದಷ್ಟೂ ಒಳಗಿನವನಿಗೆ ಹೊತ್ತು ಮೀರುತ್ತೆ. ಹೋಲ್ಮತ್‌ಗೆ ಅಂದೇ ಅರ್ಥ ಆಗಿತ್ತು. ಆಮೇಲೆ ತನ್ನ ಹಗ್ಗಕ್ಕೆ ಗಿಡ್ಡ ಉಸಿರಿನ ತಮ್ಮನ್ನೇ ಇಟ್ಕೊಂಡ."

"ಯಾಕೆ ಹೇಳ್ಲಿಲ್ಲ ನನಗೆ?" ಓದಿನಾನ ದನಿ ಗಾಳಿಯಂತಾಗಿತ್ತು. "ಮೂರು ವರ್ಷ! ಯಾಕೋ ಹೇಳ್ಲಿಲ್ಲ?"

"ಅಕಾ ಬೇಡ ಅಂದ. 'ಆರಿಸಿದ್ದು ಬಾಬಾನೇ. ಕಾರಣ ಗೊತ್ತಾದ್ರೆ ಅವ್ರು ಉಳಿಯಲ್ಲ. ನನ್ನನ್ನ ಬೈಕೊಂಡಾದ್ರೂ ಬದುಕ್ಲಿ' ಅಂದ."

ಮುದುಕ ಬಾಯಿ ತೆರೆದ. ಅಳುತ್ತಾನೆಂದುಕೊಂಡೆವು. ಅಳಲಿಲ್ಲ. ಬಾಯಿ ಹಾಗೆಯೇ ತೆರೆದಿತ್ತು.

* * *

ನಿಯೋಜ್‌ನನ್ನು ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ಓದಿನಾಗೆ ಕಟ್ಟಿದರು. ಸವಾರರು ಬಂದಾಗ ಅಮೀನ ನೇಮದಂತೆ ಸತ್ತವನ ತಾಯಿಯನ್ನು ಕೇಳಿದ, ರಕ್ತವೋ ಕ್ಷಮೆಯೋ ಎಂದು.

"ನನ್ನನ್ನ ಕೇಳ್ಬೇಡಿ" ಎಂದಳು. "ಎರಡೂ ನನ್ನ ಹತ್ರ ಇಲ್ಲ."

ಹೊಳೆಯ ತಿರುವಿನವರೆಗೆ ಮುದುಕ ಕಾಣಿಸುತ್ತಿದ್ದ. ಆಮೇಲೆ ಅವನ ಸುದ್ದಿ ಯಾರಿಗೂ ಬರಲಿಲ್ಲ. ಉಸ್ತಾ ಅಂದೇ ತಿದಿ ಮಡಚಿದ. ಉಳಿದ ಪಾತ್ರೆಗಳನ್ನು ಹಾಗೆಯೇ ವಾಪಸ್ ಕೊಟ್ಟು ಹೋದ. ಮತ್ತೆ ನಮ್ಮ ಕಣಿವೆಗೆ ಬರಲಿಲ್ಲ. ಹಸಿರು ಹಿಡಿದ ಪಾತ್ರೆಗಳನ್ನು ಬೋರಲು ಹಾಕಿ, ನಾವು ಮರದ ಬಟ್ಟಲಲ್ಲಿ ಉಣ್ಣುತ್ತೇವೆ.

ಗುಡ್ಡದ ಮೇಲೆ ಒಬ್ಬರ ಹಗ್ಗ ಒಬ್ಬರು ಹಿಡಿಯುವುದು ನಿಂತುಹೋಯಿತು. ಯಾರ ಎದೆ ಎಷ್ಟು, ಯಾರ ಮನಸ್ಸಲ್ಲಿ ಏನು, ಯಾರಿಗೆ ಗೊತ್ತು? ಹತ್ತಿ ಬಿಡಿಸುವ ಕೂಲಿಗೆ ಒಬ್ಬೊಬ್ಬರಾಗಿ ಬಯಲಿಗೆ ಇಳಿದರು. ಏಳು ಹೊಗೆಮನೆಗಳ ಚಾವಣಿ ಕುಸಿಯಿತು. ಸಯ್ಫಿಯ ಗೋರಿಯ ಪಕ್ಕ ಹೋಲ್ಮತ್‌ನ ಗೋರಿ. ಹುಲ್ಲಿಗೆ ಎರಡೂ ಒಂದೇ.

ಈಗ ನಿಯೋಜ್ ಒಬ್ಬನೇ ಮೇಲೆ ಹೋಗುತ್ತಾನೆ. ಹಗ್ಗ ಹಿಡಿಯುವುದು ಅವನ ತಾಯಿ. ಹೆಂಗಸು ಹಗ್ಗ ಹಿಡಿದದ್ದು ನಮ್ಮಲ್ಲಿ ಅದೇ ಮೊದಲು. ಮುದುಕಿ, ಮೇಲಾಗಿ ಉಬ್ಬಸ. ಇಪ್ಪತ್ತು ಎಣಿಸುವುದರೊಳಗೆ ಉಸಿರು ತೀರುತ್ತದೆ. ಎಳೆದುಬಿಡುತ್ತಾಳೆ. ಅವನು ಎರಡು ಹಿಡಿ ಕೆರೆದು ಬಂದಿರುತ್ತಾನೆ. ಮತ್ತೆ ಒಳಗೆ ಹೋಗುತ್ತಾನೆ. ಅವಳು ಮತ್ತೆ ಉಸಿರು ಕಟ್ಟುತ್ತಾಳೆ. ಒಂದು ಚೀಲ ತುಂಬಲು ಬೆಳಿಗ್ಗೆಯಿಂದ ಸಂಜೆಯಾಗುತ್ತದೆ. ಪ್ರತಿ ಸಲ ಅವನು ಒಳಗೆ ಹೋದಾಗಲೂ ಅವಳ ಮುಖ ದೊಡ್ಡ ಮಗನನ್ನು ಮಣ್ಣಿಗೆ ಕೊಟ್ಟು ಬಂದ ದಿನದಂತೆಯೇ ಇರುತ್ತದೆ. ನಾನು ಈಗೀಗ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಇಗೋ, ಆ ಚೀಲ ಇದೇ. ನಿಮ್ಮ ಪಾತ್ರೆಗೆ ಕಲಾಯಿ ಬೇಕಲ್ಲ, ಇದಿಲ್ಲದೆ ತವರ ಹಿಡಿಯುವುದಿಲ್ಲ. ಬೆಲೆ ಆಗಲೇ ಹೇಳಿದ್ದೇನೆ. ಜಾಸ್ತಿಯಾಯಿತು ಎನ್ನುವಿರಾ? ಧಾರಾಳವಾಗಿ ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಗುಡ್ಡದ ನೇಮದಂತೆ ಮಾಡಬೇಕು. ಮೊದಲು ಉಸಿರು ಕಟ್ಟಿ. ಕಟ್ಟಿದ ಉಸಿರು ಬಿಡದೆ ಎಷ್ಟು ಬೇಕಾದರೂ ಮಾತಾಡಿ.